ಕಿಟ್‌ಕ್ಯಾಟ್ ಫೋನಿನಲ್ಲಿ ಸಿಕ್ಕಿಕೊಂಡ ಕಡಲಿನ ಪಾಯಿಂಟುಗಳು: ಕಾರವಾರದ ಒಂದು ಪ್ರಕರಣ

ಕೇಸು ಏನು

2014ರ ಫೋನು. ಆಂಡ್ರಾಯ್ಡ್ 4.4.2, ಅಂದರೆ ಕಿಟ್‌ಕ್ಯಾಟ್. ರ‍್ಯಾಮ್ 512 ಎಂಬಿ, ಒಳಗಿನ ಜಾಗ 4 ಜಿಬಿ, ಬೆನ್ನಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುವಂಥ ಮಾದರಿ. ಕಾರವಾರದ ಬೈತಖೋಲ ಬಂದರಿನ ಒಂದು ಟ್ರಾಲ್ ಬೋಟಿನಲ್ಲಿ ಹತ್ತು ವರ್ಷ ದುಡಿದಿತ್ತು. ಅದರಲ್ಲಿದ್ದ ಒಂದು ಜಿಪಿಎಸ್ ಆ್ಯಪ್‌ನಲ್ಲಿ ಬೋಟಿನ ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಹಾಕಿಟ್ಟ ಇನ್ನೂರಕ್ಕೂ ಹೆಚ್ಚು ಪಾಯಿಂಟುಗಳಿದ್ದವು. ಫೋನನ್ನು ನನ್ನ ರಿಪೇರಿ ಟೇಬಲ್ಲಿಗೆ ತಂದು ಅವರು ಕೇಳಿದ್ದು ಇಷ್ಟೇ: ಆ ಪಾಯಿಂಟುಗಳೆಲ್ಲ ಹೊಸ ಫೋನಿಗೂ ಬೋಟಿನ ಜಿಪಿಎಸ್‌ಗೂ ಬರಬೇಕು. ಒಂದೂ ತಪ್ಪಬಾರದು.

ಇದು 2024ರ ಮಳೆಗಾಲದ ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಬಲೆ ರಿಪೇರಿ, ಎಂಜಿನ್ ಕೆಲಸ, ಬಣ್ಣ ಹೊಡೆಯುವುದು ಎಲ್ಲ ಆಗಲೇ. ಫೋನಿನ ಕಡೆ ಗಮನ ಹೋದದ್ದೂ ಆಗಲೇ. ನೋಡಿದರೆ ಬ್ಯಾಟರಿ ಉಬ್ಬಿ ಮುಚ್ಚಳವನ್ನು ಮೇಲೆತ್ತಿತ್ತು. ಆನ್ ಆಗುತ್ತಿರಲಿಲ್ಲ.

ಪಾಯಿಂಟು ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಟ್ರಾಲ್ ಬಲೆ ಕಡಲಿನ ತಳ ಸವರಿಕೊಂಡು ಹೋಗುತ್ತದೆ. ತಳದಲ್ಲಿ ಕಲ್ಲಿದ್ದರೆ, ಯಾವುದೋ ಕಾಲದಲ್ಲಿ ಮುಳುಗಿದ ಬೋಟಿನ ಅವಶೇಷವಿದ್ದರೆ, ಬಲೆ ಸಿಕ್ಕಿಕೊಂಡು ಹರಿಯುತ್ತದೆ. ಅಂಥ ಜಾಗ ಗೊತ್ತಾದ ಕೂಡಲೇ ತಾಂಡೇಲರು ಅಲ್ಲೊಂದು ಗುರುತು ಹಾಕುತ್ತಾರೆ. ಇನ್ನೊಂದು ಬಗೆಯ ಗುರುತು ಇದಕ್ಕೆ ಉಲ್ಟಾ: ಇಂಥ ತಿಂಗಳು, ಇಷ್ಟು ಮಾರು ಆಳ, ಇಲ್ಲಿ ಸಿಗಡಿ ಸಿಕ್ಕಿತ್ತು ಅಂತ. ಮೊದಲನೆಯದು ನಷ್ಟ ತಪ್ಪಿಸುತ್ತದೆ, ಎರಡನೆಯದು ದುಡ್ಡು ತರುತ್ತದೆ. ಎರಡೂ ಸೇರಿದರೆ ಒಬ್ಬ ತಾಂಡೇಲನ ಅನುಭವ. ನಮ್ಮ ತಾಂಡೇಲರ ಅನುಭವ ಪೂರ್ತಿ ಆ ಉಬ್ಬಿದ ಫೋನಿನೊಳಗಿತ್ತು.

ಬೋಟಿನಲ್ಲಿ ಬೇರೆ ಜಿಪಿಎಸ್ ಇರಲಿಲ್ಲವೇ? ಇತ್ತು. ಅದು ಹಾಳಾಗಿ ಹೊಸದು ಬಂದಾಗ ಹಳೆಯದರಲ್ಲಿದ್ದ ಪಾಯಿಂಟುಗಳೆಲ್ಲ ಹೋದವು. ಅಂದಿನಿಂದ ಅವರು ಫೋನನ್ನೇ ನಂಬಿದ್ದರು. ಫೋನಿನ ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ, ಸಿಮ್ಮೂ ಬೇಡ. ಆಕಾಶ ಕಂಡರೆ ಸಾಕು.

ಇಂಥ ಫೋನಿಗೆ ಕಿಟ್‌ಕ್ಯಾಟ್ ಬಂದದ್ದು ಹೇಗೆ

ಕಿಟ್‌ಕ್ಯಾಟ್ ಅಂತ ಹೆಸರಿಡುವುದಾಗಿ ಗೂಗಲ್ ಹೇಳಿದ್ದು 2013ರ ಸೆಪ್ಟೆಂಬರ್ 3ರಂದು. ಅಲ್ಲಿಯವರೆಗೆ ಕಂಪನಿಯ ಒಳಗೆ ಅದನ್ನು ‘ಕೀ ಲೈಮ್ ಪೈ’ ಎನ್ನುತ್ತಿದ್ದರು. ಆ ತಿಂಡಿಯ ರುಚಿ ಹೆಚ್ಚಿನವರಿಗೆ ಗೊತ್ತೇ ಇಲ್ಲ ಅಂತ ಚಾಕೊಲೇಟಿನ ಹೆಸರು ಹಿಡಿದರು. ನೆಸ್ಲೆ ಒಪ್ಪಿತು. ಇದು ದುಡ್ಡಿನ ವ್ಯವಹಾರವಲ್ಲ ಎಂದು ಗೂಗಲ್ ಹೇಳಿತು. ಅಕ್ಟೋಬರ್ 31ರಂದು ನೆಕ್ಸಸ್ 5 ಫೋನಿನ ಜೊತೆ 4.4 ಹೊರಬಂತು. ಡಿಸೆಂಬರ್‌ನಲ್ಲಿ 4.4.2, ಮುಂದಿನ ಜೂನ್‌ನಲ್ಲಿ 4.4.3, ಅದೇ ತಿಂಗಳು ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಓಪನ್ ಎಸ್‌ಎಸ್‌ಎಲ್‌ನ ಒಂದು ದೋಷ ಮುಚ್ಚಲು 4.4.4. ಅಲ್ಲಿಗೆ ಈ ಸಾಲು ಮುಗಿಯಿತು. 2014ರ ನವೆಂಬರ್‌ನಲ್ಲಿ 5.0 ಲಾಲಿಪಾಪ್ ಬಂತು.

ಹೆಸರಿನ ಕಥೆ ಇರಲಿ. ಬೈತಖೋಲದ ಬೋಟಿಗೆ ಮುಖ್ಯವಾದದ್ದು ‘ಪ್ರಾಜೆಕ್ಟ್ ಸ್ವೆಲ್ಟ್’ ಎಂಬ ಕೆಲಸ. ಅದಕ್ಕಿಂತ ಹಿಂದಿನ ಆಂಡ್ರಾಯ್ಡ್‌ಗಳು ನುಣುಪಾಗುತ್ತಾ ಹೋದಂತೆ ದಪ್ಪವೂ ಆಗಿದ್ದವು. ಅಗ್ಗದ ಫೋನು ಮಾಡುವವರು ಅದಕ್ಕೇ ತೀರಾ ಹಳೆಯ 2.3 ಜಿಂಜರ್‌ಬ್ರೆಡ್ ಅನ್ನೇ ತುರುಕಿ ಮಾರುತ್ತಿದ್ದರು. ಕಿಟ್‌ಕ್ಯಾಟ್ ತಂಡದವರು 512 ಎಂಬಿ ರ‍್ಯಾಮ್‌ನಲ್ಲಿ ಹೊಸ ಆಂಡ್ರಾಯ್ಡ್ ಸಲೀಸಾಗಿ ಓಡಬೇಕು ಅಂತ ಹಟ ಹಿಡಿದರು. ಸುಮ್ನೆ ಬಿದ್ದಿರುವ ಮೆಮೊರಿಯನ್ನು ಒತ್ತಿ ಚಿಕ್ಕದು ಮಾಡಿ ರ‍್ಯಾಮ್‌ನಲ್ಲೇ ಇಡುವ ಜೆಡ್‌ರ‍್ಯಾಮ್ ವಿಧಾನಕ್ಕೆ ಬೆಂಬಲ ಕೊಟ್ಟರು. ‘ಇದು ಕಡಿಮೆ ರ‍್ಯಾಮ್ ಫೋನೇ?’ ಎಂದು ಆ್ಯಪ್ ಕೇಳಿ ತಿಳಿದು ಭಾರದ ಕೆಲಸ ಬಿಡುವ ವ್ಯವಸ್ಥೆ ಮಾಡಿದರು. ಹಿನ್ನೆಲೆಯಲ್ಲಿ ಓಡುವ ಸೇವೆಗಳು ಎಲ್ಲ ಒಟ್ಟಿಗೇ ಏಳದೆ ಕೆಲವು ಕೆಲವಾಗಿ ಏಳುವಂತೆ ನೋಡಿಕೊಂಡರು.

ಇದರ ಫಲ ಬೇಗ ಕಂಡಿತು. 2014ರ ಸೆಪ್ಟೆಂಬರ್ 15ರಂದು ಆಂಡ್ರಾಯ್ಡ್ ಒನ್ ಯೋಜನೆ ಮೊದಲು ಶುರುವಾದದ್ದು ಭಾರತದಲ್ಲೇ. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಮೂರು ಫೋನು, ಬೆಲೆ 6,399 ರೂಪಾಯಿಯಿಂದ ಶುರು, ಒಳಗೆ ಕಿಟ್‌ಕ್ಯಾಟ್. ಅವಕ್ಕೆ ಮುಂದೆ ಹೊಸ ಆವೃತ್ತಿಗಳೂ ಬಂದವು. ನಮ್ಮ ತಾಂಡೇಲರ ಫೋನು ಆ ಸಾಲಿನದ್ದಲ್ಲ. ಅದಕ್ಕಿಂತ ಅಗ್ಗದ್ದು. ಕೊಂಡ ದಿನ 4.4.2 ಇತ್ತು, ಉಬ್ಬಿದ ದಿನವೂ 4.4.2.

ಆವೃತ್ತಿಯ ಉಳಿದ ಹೊಸತುಗಳನ್ನು ಬೇಗ ಹೇಳಿಬಿಡುತ್ತೇನೆ, ಬೋಟಿನಲ್ಲಿ ಅವು ಜಾಸ್ತಿ ಉಪಯೋಗಕ್ಕೆ ಬಂದಿಲ್ಲ. ಮೇಲಿನ ಕೆಳಗಿನ ಪಟ್ಟಿ ಮರೆಯಾಗಿ ಇಡೀ ಪರದೆ ತುಂಬುವ ನೋಟ. ಫೋನಿನಿಂದಲೇ ಪ್ರಿಂಟ್ ಕೊಡುವ ವ್ಯವಸ್ಥೆ. ಎಸ್‌ಎಂಎಸ್ ಪೆಟ್ಟಿಗೆಗೆ ಬರೆಯುವ ಹಕ್ಕು ಒಂದೇ ಆ್ಯಪ್‌ಗೆ. ಹೆಜ್ಜೆ ಎಣಿಸುವ ಸೆನ್ಸರ್‌ಗೆ ಬೆಂಬಲ. ಮುಂದೆ ಲಾಲಿಪಾಪ್‌ನಲ್ಲಿ ಕಾಯಂ ಆದ, ಆ್ಯಪ್‌ಗಳನ್ನು ಓಡಿಸುವ ಎಆರ್‌ಟಿ ಎಂಬ ಎಂಜಿನ್ನು ಇಲ್ಲಿ ಪ್ರಯೋಗಕ್ಕೆ ಅಂತ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅಡಗಿತ್ತು.

ಕನ್ನಡದ ಮಾತು ಮಾತ್ರ ಇಲ್ಲಿ ಬೇಕು. 2012ರ 4.1 ಜೆಲ್ಲಿಬೀನ್‌ನಿಂದ ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಕಾಣತೊಡಗಿತು. ಆದರೆ ಫೋನಿನ ಮೆನುಗಳೇ ಕನ್ನಡದಲ್ಲಿ ಬಂದದ್ದು 5.0ರಲ್ಲಿ. ಕಿಟ್‌ಕ್ಯಾಟ್ ಇವೆರಡರ ನಡುವೆ ಬಿತ್ತು: ಕನ್ನಡ ಓದಿಸುತ್ತದೆ, ಕನ್ನಡದಲ್ಲಿ ಮಾತಾಡುವುದಿಲ್ಲ. ಈ ಫೋನಿನಲ್ಲಿ ಕನ್ನಡ ಕೀಬೋರ್ಡೂ ಇರಲಿಲ್ಲ. ಹಾಗಾಗಿ ತಾಂಡೇಲರು ಪಾಯಿಂಟುಗಳಿಗೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದರು. ಅರ್ಧ ಕನ್ನಡ, ಅರ್ಧ ಕೊಂಕಣಿ, ಮೂರಕ್ಷರಕ್ಕೆ ಮೊಟಕಾದದ್ದೇ ಜಾಸ್ತಿ. ಅಲ್ಲಾಡುವ ಬೋಟಿನಲ್ಲಿ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಟೈಪ್ ಮಾಡುವವರು ಇನ್ನೇನು ಬರೆಯುತ್ತಾರೆ?

ಮೊದಲು ಜೀವ ಬರಿಸುವುದು

ಉಬ್ಬಿದ ಬ್ಯಾಟರಿಯನ್ನು ತೆಗೆದು ಬದಿಗಿಟ್ಟೆ. ಅದನ್ನು ಚಾರ್ಜಿಗೆ ಹಾಕಿ ನೋಡೋಣ ಅನ್ನುವವರು ಇರುತ್ತಾರೆ. ಬೇಡ. ರಿಪೇರಿ ಟೇಬಲ್ಲಿನ ಡಿಸಿ ಸಪ್ಲೈನಿಂದ 4 ವೋಲ್ಟ್ ಕೊಟ್ಟಾಗ ಫೋನು ಎದ್ದಿತು. ಕಂಪನಿಯ ಲಾಂಛನ ತೋರಿಸಿತು, ಹೋಮ್ ಸ್ಕ್ರೀನಿಗೆ ಬಂತು. ಆ್ಯಪ್ ತೆರೆದರೆ ಪಾಯಿಂಟುಗಳ ಪಟ್ಟಿ ಹಾಗೇ ಇತ್ತು.

ಎದುರಿಗಿದ್ದ ತಾಂಡೇಲರು ಉಸಿರು ಬಿಟ್ಟರು. “ಇನ್ನೇನು ತಮ್ಮಾ, ಒಂದೊಂದೇ ಬರೆದುಕೊಂಡು ಬಿಡೋಣ” ಅಂದರು. ಆ ದಾರಿ ಯಾವಾಗಲೂ ಇದ್ದೇ ಇದೆ. ಆದರೆ ಇನ್ನೂರಕ್ಕೂ ಹೆಚ್ಚು ಪಾಯಿಂಟು, ಒಂದೊಂದಕ್ಕೆ ಎರಡೆರಡು ಉದ್ದನೆಯ ಸಂಖ್ಯೆ. ಕೈಯಲ್ಲಿ ಬರೆಯುವಾಗ ಒಂದು ಅಂಕಿ ತಪ್ಪಿದರೂ ಗೊತ್ತಾಗುವುದು ಬಲೆ ಹರಿದ ಮೇಲೆ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ ಅಂದೆ.

ಫೋನಿಗೆ ಇನ್ನೂ ಎರಡು ಕಾಯಿಲೆ ಇದ್ದವು. ಉಪ್ಪು ಗಾಳಿಗೆ ಯುಎಸ್‌ಬಿ ಬಾಯಿಯ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಟಚ್‌ನಲ್ಲಿ ಕೆಳಗಿನ ಒಂದು ಪಟ್ಟಿ ಸತ್ತಿತ್ತು. ಅಲ್ಲಿ ಏನು ಒತ್ತಿದರೂ ಕೇಳುತ್ತಿರಲಿಲ್ಲ.

ಇಂಟರ್‌ನೆಟ್ ಯಾಕೆ ನಡೆಯಲಿಲ್ಲ

ಸುಲಭದ ದಾರಿ ಎಂದರೆ ನೆಟ್ ಹಾಕಿ, ಮೇಲ್ ಮಾಡಿ, ಮುಗಿಸುವುದು. ವೈಫೈ ಹಿಡಿಯಿತು. ಆದರೆ ತೆರೆದ ಪ್ರತಿ ಪುಟಕ್ಕೂ ಭದ್ರತೆಯ ಎಚ್ಚರಿಕೆ. ಇದಕ್ಕೆ ಮೊದಲ ಕಾರಣ ತೀರಾ ಸಣ್ಣದು. ಬ್ಯಾಟರಿ ತೆಗೆದದ್ದರಿಂದ ಫೋನಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ವೆಬ್‌ಸೈಟು ಅಸಲಿ ಎಂದು ತೋರಿಸುವ ಸರ್ಟಿಫಿಕೇಟಿಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಫೋನಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟುಗಳು ಇನ್ನೂ ಹುಟ್ಟಿಯೇ ಇರಲಿಲ್ಲ. ಹಳೆಯ ಫೋನು ಹಿಡಿದು ‘ನೆಟ್ ಬರಲ್ಲ’ ಅನ್ನುವವರು ಮೊದಲು ತಾರೀಕು ನೋಡಬೇಕು.

ತಾರೀಕು ಸರಿ ಮಾಡಿದ ಮೇಲೆ ಕೆಲವು ಪುಟ ತೆರೆದವು, ಕೆಲವು ಇಲ್ಲ. ಈ ಅರ್ಧಂಬರ್ಧ ಸ್ಥಿತಿಯೇ ಹಳೆಯ ಆಂಡ್ರಾಯ್ಡ್‌ನ ನಿಜವಾದ ಕಾಯಿಲೆ. ಜಗತ್ತಿನ ಎಷ್ಟೋ ವೆಬ್‌ಸೈಟುಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುವ ಸರ್ಟಿಫಿಕೇಟ್ ಬಳಸುತ್ತವೆ. ಅದರ ಮೂಲ ಸರ್ಟಿಫಿಕೇಟು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳು ನಂಬುವ ಮೂಲಗಳ ಪಟ್ಟಿಯಲ್ಲಿ ಇಲ್ಲ. ಮೊದಲು ಅದು ಇನ್ನೊಂದು ಹಳೆಯ ಸಂಸ್ಥೆಯ ಸಹಿಯ ಬಲದಲ್ಲಿ ನಡೆಯುತ್ತಿತ್ತು. ಆ ಹಳೆಯ ಮೂಲದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆದರೂ ಹಳೆಯ ಆಂಡ್ರಾಯ್ಡ್ ಫೋನುಗಳು ಅವತ್ತೇ ನಿಲ್ಲಲಿಲ್ಲ. ಯಾಕೆಂದರೆ ಆಂಡ್ರಾಯ್ಡ್ ತನ್ನ ಪಟ್ಟಿಯಲ್ಲಿರುವ ಮೂಲ ಸರ್ಟಿಫಿಕೇಟಿನ ಅವಧಿಯನ್ನು ನೋಡುವುದೇ ಇಲ್ಲ. ಈ ಉದಾಸೀನವನ್ನೇ ಹಿಡಿದು ಲೆಟ್ಸ್ ಎನ್‌ಕ್ರಿಪ್ಟ್‌ನವರು ಇನ್ನೂ ಸುಮಾರು ಮೂರು ವರ್ಷ ದೂಡಿದರು. 2024ರ ಜೂನ್‌ನಲ್ಲಿ ಆ ಸೇತುವೆಯನ್ನೂ ತೆಗೆದರು. ನಮ್ಮ ಫೋನು ಟೇಬಲ್ಲಿಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ.

ಇದರ ಜೊತೆ ಇನ್ನೊಂದು. ಮಾಹಿತಿಯನ್ನು ಗುಟ್ಟಾಗಿ ಕಳಿಸುವ ಟಿಎಲ್‌ಎಸ್ 1.2 ಕಿಟ್‌ಕ್ಯಾಟ್‌ಗೆ ಗೊತ್ತು. ಆದರೆ ಆ್ಯಪ್‌ಗಳಿಗೆ ಅದು ತಾನಾಗಿ ಆನ್ ಆಗಿರುವುದಿಲ್ಲ. ಬರೆದವರು ಕೇಳಿ ಆನ್ ಮಾಡಬೇಕು. ಹಳೆಯ ಆ್ಯಪ್ ಬರೆದವರು ಮಾಡಿರುವುದಿಲ್ಲ. ಸರ್ವರ್‌ಗಳು ಹಳೆಯ 1.0 ಅನ್ನು ಒಂದೊಂದಾಗಿ ಬಾಗಿಲಲ್ಲೇ ತಡೆಯತೊಡಗಿದವು. ಆ್ಯಪ್ ‘ಸಂಪರ್ಕವಿಲ್ಲ’ ಅನ್ನುತ್ತದೆ, ನೋಡಿದರೆ ವೈಫೈ ಪೂರ್ತಿ ಇರುತ್ತದೆ!

ಮೇಲಿನ ಪದರವೂ ಹೀಗೇ. ಕ್ರೋಮ್ ಕಿಟ್‌ಕ್ಯಾಟ್‌ಗೆ ಕೊನೆಯದಾಗಿ ಬಂದದ್ದು 2020ರ 81ನೇ ಆವೃತ್ತಿ. ಕಿಟ್‌ಕ್ಯಾಟ್ ಫೋನುಗಳು ಶೇಕಡಾ ಒಂದಕ್ಕಿಂತ ಕೆಳಗಿಳಿದಿವೆ ಎಂದು ಹೇಳಿ ಗೂಗಲ್ 2023ರ ಆಗಸ್ಟ್‌ನಿಂದ ಅವಕ್ಕೆ ಪ್ಲೇ ಸರ್ವಿಸಸ್ (ಗೂಗಲ್‌ನ ಸೇವೆಗಳನ್ನು ಆ್ಯಪ್‌ಗಳಿಗೆ ಒದಗಿಸುವ ಭಾಗ) ಅಪ್‌ಡೇಟ್ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್ 24ರಿಂದ ವಾಟ್ಸ್‌ಆ್ಯಪ್ 5.0 ಮತ್ತು ಅದಕ್ಕಿಂತ ಹೊಸದಕ್ಕೆ ಮಾತ್ರ ಅಂತಾಯಿತು. 2015ರ ಆರಂಭದಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಶೇಕಡಾ 40ರ ಆಸುಪಾಸು ಇದೇ ಕಿಟ್‌ಕ್ಯಾಟ್ ಇತ್ತು ಅಂದರೆ ಈಗ ನಂಬುವುದು ಕಷ್ಟ.

ಜಿಪಿಎಸ್ ಮೇಲೂ ಇದರ ಬಿಸಿ ತಟ್ಟಿತ್ತು. “ಈಚೆಗೆ ಸ್ಯಾಟಲೈಟ್ ಹಿಡಿಯಲು ಬಹಳ ಹೊತ್ತು ತಗೊಳ್ತದೆ” ಅನ್ನುವುದು ತಾಂಡೇಲರ ಹಳೆಯ ದೂರು. ನೆಟ್ ಇದ್ದಾಗ ಫೋನು ಉಪಗ್ರಹಗಳ ಮಾಹಿತಿಯನ್ನು ಸರ್ವರ್‌ನಿಂದ ಕ್ಷಣದಲ್ಲಿ ತಂದುಕೊಳ್ಳುತ್ತದೆ. ನೆಟ್ ಇಲ್ಲದಾಗ ಉಪಗ್ರಹದಿಂದಲೇ ಕೇಳಿ ಬರೆದುಕೊಳ್ಳಬೇಕು. ಉಪಗ್ರಹ ಮಾತಾಡುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ. ತಾನೆಲ್ಲಿದ್ದೇನೆ ಎಂಬ ಮಾಹಿತಿಯನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಇಡೀ ಬಳಗದ ವಿವರ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಕಡಲ ಮೇಲೆ ಆಕಾಶಕ್ಕೆ ಅಡ್ಡಿಯಿಲ್ಲ, ಹಾಗಾಗಿ ತಡವಾದರೂ ಸಿಗುತ್ತದೆ. ಸಿಕ್ಕ ಮೇಲೆ ಹೊಸ ಫೋನಿಗೂ ಇದಕ್ಕೂ ಬೋಟಿನ ಕೆಲಸಕ್ಕೆ ಅಂಥ ವ್ಯತ್ಯಾಸವಿಲ್ಲ.

ಎಕ್ಸ್‌ಪೋರ್ಟ್ ಬಟನ್ನಿನ ಗುಟ್ಟು

ಆ್ಯಪ್‌ನಲ್ಲಿ ಒಂದು ಎಕ್ಸ್‌ಪೋರ್ಟ್ ಬಟನ್ ಇತ್ತು. ಒತ್ತಿದರೆ ‘ಬರೆಯಲಾಗಲಿಲ್ಲ’ ಎಂಬ ಒಂದು ಸಾಲು ಬಂದು ಹೋಗುತ್ತಿತ್ತು. ಮೆಮೊರಿ ಕಾರ್ಡಿನಲ್ಲಿ ಜಾಗ ಧಾರಾಳ ಇತ್ತು. ಕಾರ್ಡು ಸರಿಯಾಗಿಯೂ ಇತ್ತು.

ಇಲ್ಲಿ ಕಿಟ್‌ಕ್ಯಾಟ್‌ನ ಚರಿತ್ರೆ ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ. 4.4ಕ್ಕೆ ಮುಂಚೆ ಅನುಮತಿ ಇದ್ದ ಆ್ಯಪ್ ಕಾರ್ಡಿನ ಮೇಲೆ ಎಲ್ಲಿ ಬೇಕಾದರೂ ಬರೆಯಬಹುದಿತ್ತು. ಯಾರ ಫೋಲ್ಡರ್ ಯಾರದ್ದು ಅಂತ ಲೆಕ್ಕವಿಲ್ಲ, ಆ್ಯಪ್ ತೆಗೆದರೂ ಕಸ ಉಳಿಯುತ್ತಿತ್ತು, ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬಹುದಿತ್ತು. ಕಿಟ್‌ಕ್ಯಾಟ್ ಬಂದು ನಿಯಮ ಹಾಕಿತು: ಮೆಮೊರಿ ಕಾರ್ಡಿನಲ್ಲಿ ಆ್ಯಪ್ ತನ್ನ ಹೆಸರಿನ ಫೋಲ್ಡರಿನೊಳಗೆ ಮಾತ್ರ ಬರೆಯಬೇಕು. ಉಳಿದದ್ದನ್ನು ಓದಬಹುದು, ಮುಟ್ಟುವಂತಿಲ್ಲ. ಉದ್ದೇಶ ಸರಿ. ಆದರೆ ‘ಈ ಫೋಲ್ಡರಿಗೆ ಬರೆಯಲಿ’ ಅಂತ ಫೋನಿನ ಯಜಮಾನನೇ ಒಪ್ಪಿಗೆ ಕೊಡುವ ದಾರಿಯನ್ನು ಆಗ ಇಡಲಿಲ್ಲ. ಅದು ಬಂದದ್ದು ಒಂದು ವರ್ಷದ ನಂತರ, ಲಾಲಿಪಾಪ್‌ನಲ್ಲಿ. ನಡುವೆ ಕೊಂಡವರ ಗತಿ ಏನು? ನನ್ನ ಮಟ್ಟಿಗೆ ಕಿಟ್‌ಕ್ಯಾಟ್‌ನ ಅತಿ ಕೆಟ್ಟ ತೀರ್ಮಾನ ಇದೇ. ಕಡಿಮೆ ಜಾಗದ ಅಗ್ಗದ ಫೋನುಗಳಿಗೆ ಅಂತ ಇಷ್ಟೆಲ್ಲ ಮೈ ಕರಗಿಸಿ, ಆ ಫೋನುಗಳಿಗೆ ಎಲ್ಲರಿಗಿಂತ ಜಾಸ್ತಿ ಬೇಕಾಗುವ ಕಾರ್ಡಿಗೇ ಬೀಗ ಹಾಕಿದರು.

ನಮ್ಮ ಆ್ಯಪ್ ಬರೆದದ್ದು 4.4ಕ್ಕೆ ಮುಂಚೆ. ಕಾರ್ಡಿನ ಬುಡದಲ್ಲಿ ತನ್ನದೇ ಒಂದು ಫೋಲ್ಡರ್ ಮಾಡಲು ನೋಡುತ್ತಿತ್ತು. ಕಿಟ್‌ಕ್ಯಾಟ್ ಬಿಡುತ್ತಿರಲಿಲ್ಲ. ಕಾರ್ಡ್ ತೆಗೆದು ಪ್ರಯತ್ನಿಸಿದರೆ ‘ಕಾರ್ಡ್ ಇಲ್ಲ’ ಎಂದು ನಿಲ್ಲುತ್ತಿತ್ತು. ಅಂದರೆ ಈ ಬಟನ್ ಕೊಂಡ ದಿನದಿಂದಲೂ ಕೆಲಸ ಮಾಡಿಲ್ಲ. ಹತ್ತು ವರ್ಷ ಯಾರೂ ಒತ್ತಿರಲಿಲ್ಲ, ಅಷ್ಟೇ. ಬ್ಲೂಟೂತ್ ಏನೋ ನಡೆಯುತ್ತಿತ್ತು. ಆದರೆ ಅದರಲ್ಲಿ ಒಂದು ಸಲಕ್ಕೆ ಒಂದೇ ಪಾಯಿಂಟು ಹೋಗುತ್ತದೆ. ಆ್ಯಪ್ ಹೊಸದು ಸಿಗುತ್ತದೋ ಅಂದರೆ ಪ್ಲೇ ಸ್ಟೋರಿನಲ್ಲಿ ಅದರ ಹೆಸರೇ ಇಲ್ಲ.

ರೂಟ್ ಮಾಡುವ, ಅಂದರೆ ಫೋನಿನ ಬೀಗ ಒಡೆದು ಪೂರ್ತಿ ಹಕ್ಕು ಪಡೆಯುವ ಸಲಹೆ ಕೊಟ್ಟವರಿದ್ದರು. 2014ರ ಜೂನ್‌ನಲ್ಲಿ ಬಂದ ಟವಲ್‌ರೂಟ್ ಎಂಬ ಆ್ಯಪ್ ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್ ಕರ್ನಲ್‌ನ ಒಂದು ದೋಷ ಹಿಡಿದು ಆ ಕಾಲದ ಎಷ್ಟೋ ಫೋನುಗಳನ್ನು ಒಂದೇ ಒತ್ತಿಗೆ ತೆರೆಯುತ್ತಿತ್ತು. ಇವತ್ತು ಅದೇ ಹೆಸರಿನಲ್ಲಿ ಎಲ್ಲೆಲ್ಲೋ ಸಿಗುವ ಫೈಲಿನೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಇದ್ದ ಒಂದೇ ಪ್ರತಿಯ ಮೇಲೆ ಅಂಥ ಆಟ ಆಡುವುದು ಬೇಡ ಅನ್ನಿಸಿತು.

ಹಿಂಬಾಗಿಲು

ಆಂಡ್ರಾಯ್ಡ್ 4.0ರಿಂದ ಕಂಪ್ಯೂಟರಿನ ಮೂಲಕ ಬ್ಯಾಕಪ್ ತೆಗೆಯುವ ಒಂದು ಸೌಲಭ್ಯವಿದೆ. ಎಡಿಬಿ ಬ್ಯಾಕಪ್ ಅಂತಾರೆ. ಆ್ಯಪ್ ಬರೆದವರು ‘ಬೇಡ’ ಅಂತ ಬರೆದಿರದಿದ್ದರೆ ಆ್ಯಪ್‌ನ ಒಳಗಿನ ಡೇಟಾಬೇಸು ಸಮೇತ ಎಲ್ಲ ಹೊರಗೆ ಬರುತ್ತದೆ. ರೂಟ್ ಬೇಡ. ಹೊಸ ಆಂಡ್ರಾಯ್ಡ್‌ಗಳಲ್ಲಿ, ಅದರಲ್ಲೂ 12ರಿಂದ ಈಚೆಗೆ, ಇದನ್ನು ಬಹಳ ಬಿಗಿ ಮಾಡಿದ್ದಾರೆ. ಈಗಿನ ಕಂಪ್ಯೂಟರ್ ಉಪಕರಣವೂ ‘ಈ ಸೌಲಭ್ಯವನ್ನು ಮುಂದೆ ತೆಗೆಯಬಹುದು’ ಎಂದು ಎಚ್ಚರಿಸಿಯೇ ಮುಂದುವರಿಯುತ್ತದೆ. ಕಾರ್ಡಿನ ವಿಷಯದಲ್ಲಿ ಬಿಗಿಯಾಗಿದ್ದ ಕಿಟ್‌ಕ್ಯಾಟ್ ಇಲ್ಲಿ ಸಡಿಲ. ಆ ಸಡಿಲವೇ ಕೆಲಸಕ್ಕೆ ಬಂತು.

ಯುಎಸ್‌ಬಿ ಬಾಯಿಯಲ್ಲಿ ಐದು ಪಿನ್ನುಗಳಿರುತ್ತವೆ. ಅಂಚಿನವು ಕರೆಂಟಿಗೆ, ನಡುವಿನ ಎರಡು ಮಾಹಿತಿಗೆ. ಕರೆಂಟಿನ ಪಿನ್ನು ಸರಿಯಿದ್ದು ಮಾಹಿತಿಯದ್ದು ಕಿಲುಬಾದರೆ ಚಾರ್ಜಿಂಗ್ ಚಿಹ್ನೆ ಕಾಣುತ್ತದೆ, ಕಂಪ್ಯೂಟರಿಗೆ ಫೋನೇ ಕಾಣುವುದಿಲ್ಲ. ಇಲ್ಲಿ ಹಾಗೇ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಸಣ್ಣ ಬ್ರಶ್ಶಿನಿಂದ ಸಮಾಧಾನವಾಗಿ ಉಜ್ಜಿದ ಮೇಲೆ ಕಂಪ್ಯೂಟರ್ ಅದನ್ನು ಗುರುತಿಸಿತು.

ಕಂಪ್ಯೂಟರಿನ ಮಾತು ಕೇಳು ಅಂತ ಫೋನಿಗೆ ಹೇಳುವುದು ಡೆವಲಪರ್ ಮೆನುವಿನಲ್ಲಿ, ಅದು 4.2ರಿಂದ ಈಚೆಗೆ ಮರೆಯಲ್ಲಿದೆ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಬೇಕು. ಬಿಲ್ಡ್ ನಂಬರ್ ಇರುವುದು ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳ ಪಟ್ಟಿಯ ಕಟ್ಟಕಡೆಯಲ್ಲಿ, ಅಂದರೆ ಸರಿಯಾಗಿ ಟಚ್ ಸತ್ತ ಜಾಗದಲ್ಲಿ. ಫೋನನ್ನು ಅಡ್ಡ ತಿರುಗಿಸಿದಾಗ ಮೆನುವೂ ತಿರುಗಿತು, ಟಚ್ ಸತ್ತ ಪಟ್ಟಿ ಬದಿಗೆ ಹೋಯಿತು, ಬಿಲ್ಡ್ ನಂಬರ್ ಬೆರಳಿಗೆ ಸಿಕ್ಕಿತು. ‘ಈ ಕಂಪ್ಯೂಟರನ್ನು ನಂಬಲೇ?’ ಎಂಬ ಪ್ರಶ್ನೆಗೂ ಹಾಗೇ ಅಡ್ಡ ಹಿಡಿದೇ ಉತ್ತರ. ಒಮ್ಮೆ ನಂಬಿದ ಮೇಲೆ ಟಚ್ಚಿನ ಹಂಗೇ ಇಲ್ಲ. ಪರದೆಯ ಇಂಥ ಜಾಗ ಒತ್ತು ಅಂತ ಕಂಪ್ಯೂಟರಿನಿಂದಲೇ ಹೇಳಬಹುದು. ಬ್ಯಾಕಪ್ ಶುರುವಾದಾಗ ಫೋನು ಒಪ್ಪಿಗೆ ಕೇಳುತ್ತದೆ. ಆ ಬಟನ್ನನ್ನು ಹೀಗೆ ದೂರದಿಂದಲೇ ಒತ್ತಿದ್ದು.

ಬಂದ ಫೈಲಿನ ತಲೆಯಲ್ಲಿ 24 ಬೈಟಿನ ಒಂದು ಪೀಠಿಕೆ ಇರುತ್ತದೆ. ಪಾಸ್‌ವರ್ಡ್ ಹಾಕಿರದಿದ್ದರೆ ಅದರ ನಂತರದ್ದೆಲ್ಲ ಒತ್ತಿ ಚಿಕ್ಕದು ಮಾಡಿದ ಮಾಮೂಲಿ ಕಟ್ಟು. ಪೀಠಿಕೆ ಕತ್ತರಿಸಿ ಬಿಡಿಸಿದಾಗ ಆ್ಯಪ್‌ನ ಫೋಲ್ಡರ್, ಅದರೊಳಗೆ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ತೆರೆದರೆ ಹೆಸರು, ಎರಡು ಸಂಖ್ಯೆ, ಸಮಯ. ಸಾಲು ಸಾಲಾಗಿ ಎಲ್ಲ ಇದ್ದವು.

ಅಂಕಿಗಳ ತಕರಾರು

ಡೇಟಾ ಸಿಕ್ಕಿತು ಅಂತ ಕೆಲಸ ಮುಗಿಯಲಿಲ್ಲ. ಅಸಲಿ ಅಪಾಯ ಇದ್ದದ್ದು ಇಲ್ಲೇ.

ಸಂಖ್ಯೆಗಳು 14521000 ಎಂಬಂಥ ಎಂಟು ಅಂಕಿಗಳು, ಚುಕ್ಕಿ ಇಲ್ಲ. (ಇಲ್ಲಿ ಕೊಡುವ ಅಂಕಿ ಉದಾಹರಣೆಗೆ ಮಾತ್ರ, ಯಾರ ಪಾಯಿಂಟೂ ಅಲ್ಲ.) ಆ್ಯಪ್ ಬರೆದ ಕಾಲದಲ್ಲಿ ಆಂಡ್ರಾಯ್ಡ್‌ನ ಹಳೆಯ ಗೂಗಲ್ ಮ್ಯಾಪ್ಸ್ ವ್ಯವಸ್ಥೆ ಅಕ್ಷಾಂಶ ರೇಖಾಂಶಗಳನ್ನು ಹತ್ತು ಲಕ್ಷದಿಂದ ಗುಣಿಸಿ ಪೂರ್ಣಾಂಕ ಮಾಡಿ ಇಡುತ್ತಿತ್ತು. ಹತ್ತು ಲಕ್ಷದಿಂದ ಭಾಗಿಸಿದರೆ 14.521 ಡಿಗ್ರಿ. ಇಷ್ಟು ಸರಿ.

ಬೋಟಿನ ಜಿಪಿಎಸ್ ಮಾತಾಡುವುದು ಡಿಗ್ರಿ ಮತ್ತು ಮಿನಿಟಿನಲ್ಲಿ. 14.521 ಡಿಗ್ರಿ ಅಂದರೆ 14 ಡಿಗ್ರಿ 31.26 ಮಿನಿಟು, ಯಾಕೆಂದರೆ ಒಂದು ಡಿಗ್ರಿಗೆ 60 ಮಿನಿಟು. ಅವಸರದಲ್ಲಿ ಅದನ್ನೇ 14 ಡಿಗ್ರಿ 52.10 ಮಿನಿಟು ಎಂದು ಒತ್ತಿದರೆ? ಅಕ್ಷಾಂಶದಲ್ಲಿ ಒಂದು ಮಿನಿಟು ಒಂದು ನಾಟಿಕಲ್ ಮೈಲು, 1,852 ಮೀಟರ್. ವ್ಯತ್ಯಾಸ ಸುಮಾರು 21 ಮೈಲು, ಅಂದರೆ ಹತ್ತಿರ ಹತ್ತಿರ 39 ಕಿಲೋಮೀಟರ್. ತದಡಿ ಎದುರಿನ ಕಲ್ಲು ಮಾಜಾಳಿ ಕಡೆಗೆ ಹೋಗಿ ಕೂರುತ್ತದೆ. ಯಂತ್ರ ಚಕಾರ ಎತ್ತುವುದಿಲ್ಲ, ಯಾಕೆಂದರೆ 52 ಮಿನಿಟು ಎಂಬುದು ಇರಬಹುದಾದ ಸಂಖ್ಯೆಯೇ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ತಕರಾರು ಮಾಡುತ್ತದೆ. ಯಂತ್ರ ಕೆಲವು ಪಾಯಿಂಟು ಒಪ್ಪಿ ಉಳಿದವನ್ನು ಒಪ್ಪದಿದ್ದರೆ ಇದೇ ಕಾರಣವಿರಬೇಕು ಅಂತ ನೆನಪಿಟ್ಟುಕೊಳ್ಳಿ.

ಹಾಗಾಗಿ ಕೈಯಿಂದ ಒಂದನ್ನೂ ಒತ್ತಲಿಲ್ಲ. ಡೇಟಾಬೇಸಿನಿಂದ ನೇರ ಜಿಪಿಎಕ್ಸ್ ಫೈಲು ಮಾಡಿದೆ. ಹೊಸ ಫೋನಿನ ಆ್ಯಪ್‌ಗಳೂ ಬೋಟಿನ ಜಿಪಿಎಸ್‌ನ ಕಾರ್ಡೂ ಓದುವ ಸಾದಾ ಪಠ್ಯದ ಫೈಲು ಅದು. ಹತ್ತು ವರ್ಷದ ನಂತರವೂ ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಕಣ್ಣಿನಿಂದ ಓದಬಹುದು. ಡಿಗ್ರಿ, ಮಿನಿಟು ಮಾಡುವುದು ಯಂತ್ರದ ಪಾಡು.

ಪರೀಕ್ಷೆಗೆ ತಾಂಡೇಲರನ್ನೇ ಕೂರಿಸಿದೆ. ಅವರ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇತ್ತು, ಡೀಸೆಲ್ ಲೆಕ್ಕದ ನಡುವೆ ಕೆಲವು ಪಾಯಿಂಟುಗಳು ಮಿನಿಟಿನಲ್ಲಿ ಬರೆದಿದ್ದವು. ಅವು ನಕಾಶೆಯ ಮೇಲಿನವಕ್ಕೆ ತಾಳೆಯಾದವು. ಸಮಯದ ಕಾಲಮ್ಮು ಮಾತ್ರ ನಂಬುವಂತಿರಲಿಲ್ಲ. ಬ್ಯಾಟರಿ ಬದಲಿಸಿ ತಾರೀಕು ಸರಿ ಮಾಡದೆ ಹಾಕಿದ ಪಾಯಿಂಟುಗಳೆಲ್ಲ ಆ ಫೋನು ಅಂಗಡಿಗೆ ಬರುವ ಮುಂಚಿನ ವರ್ಷಗಳನ್ನು ತೋರಿಸುತ್ತಿದ್ದವು. ತಾರೀಕು ಬಿಟ್ಟು ಸಾಲಿನ ಕ್ರಮವನ್ನೇ ಹಿಡಿದೆವು.

ಎರಡು ಪಾಯಿಂಟು ನೆಲದ ಮೇಲೆ ಬಿದ್ದವು. ಒಂದು ಜೆಟ್ಟಿಯ ಮೇಲೆ, ಇನ್ನೊಂದು ಶಿರವಾಡದ ರೈಲ್ವೆ ಸ್ಟೇಷನ್ ಹತ್ತಿರ. ಲೆಕ್ಕ ತಪ್ಪಿತೇ ಅಂತ ನಾನು ನೋಡುವಷ್ಟರಲ್ಲಿ ಅವರು ನಕ್ಕರು. “ಅದು ಹೊಸ ಫೋನು ತಂದಾಗ ಮಗಳಿಗೆ ತೋರಿಸಿದ್ದು, ಬಿಡು.” ಆ ಎರಡನ್ನು ಕೈಬಿಟ್ಟೆವು.

ಹೆಸರು ಬಿಡಿಸುವುದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಒಂದೊಂದು ಮೊಟಕು ಹೆಸರಿಗೂ ಅವರು ಅರ್ಥ ಹೇಳುತ್ತಾ ಹೋದರು. ನಾನು ಕನ್ನಡದಲ್ಲಿ ಟೈಪ್ ಮಾಡುತ್ತಾ ಹೋದೆ: ದೊಡ್ಡ ಕಲ್ಲು, ಬಲೆ ಹರಿದದ್ದು, ಹಳೇ ಬೋಟು, ಶ್ರಾವಣದ ಸಿಗಡಿ. ಕೆಲವಕ್ಕೆ ಅವರಿಗೂ ನೆನಪಾಗಲಿಲ್ಲ. ಅವನ್ನು ಅಳಿಸದೆ ಹಳೆಯ ಹೆಸರಿನಲ್ಲೇ ಬಿಟ್ಟೆವು.

ಪಾಯಿಂಟು ಯಾರದ್ದು

ಎಲ್ಲ ಮುಗಿಯುವ ಹೊತ್ತಿಗೆ ಬೋಟಿನ ಮಾಲಕರು ಬಂದರು. ಅವರ ಮಾತು ಸರಳ. ಫೋನು ಕೊಡಿಸಿದ್ದು ನಾನು, ಡೀಸೆಲ್ ಸುಟ್ಟದ್ದು ನನ್ನ ಬೋಟಿನಲ್ಲಿ, ಹರಿದ ಬಲೆ ನನ್ನದು. ನನಗೂ ಒಂದು ಕಾಪಿ ಬೇಕು. ಅವರ ಇನ್ನೊಂದು ಬೋಟಿಗೆ ಬೇರೆ ತಾಂಡೇಲರಿದ್ದಾರೆ, ಹೊಸಬರು.

ನಮ್ಮ ತಾಂಡೇಲರು ಹೇಳಿದ್ದೂ ಸರಳವೇ. “ಸಾವ್ಕಾರ್ರೇ, ಫೋನು ನಿಮ್ಮದೇ, ತಗೊಳ್ಳಿ. ಪಾಯಿಂಟು ನನ್ನದು.”

ಕಾಯಿದೆ ಏನು ಹೇಳುತ್ತದೋ, ನಾನು ವಕೀಲನಲ್ಲ. ಬಂದರಿನ ರೂಢಿಯಲ್ಲಿ ತಾಂಡೇಲ ಬೋಟು ಬಿಟ್ಟರೆ ಪಾಯಿಂಟು ಅವನ ಜೊತೆಗೇ ಹೋಗುತ್ತದೆ. ಮೊದಲು ಅದು ತಲೆಯಲ್ಲಿ ಇರುತ್ತಿತ್ತು, ಜಗಳಕ್ಕೆ ಆಸ್ಪದವೇ ಇರಲಿಲ್ಲ. ಈಗ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ, ಒಂದು ನಿಮಿಷದಲ್ಲಿ ಕಾಪಿಯಾಗುತ್ತದೆ. ಫೋನು ತಂದು ಕೊಟ್ಟವರು ತಾಂಡೇಲರು, ಫೈಲು ಕೊಡುವುದು ಅವರ ಕೈಗೇ ಎಂದು ನಾನು ಹೇಳಿದೆ. ಮಾಲಕರಿಗೆ ಅದು ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಮಾತು ಬಿಸಿಯಾಯಿತು. ಕಡೆಗೆ ದಾರಿ ತೋರಿಸಿದ್ದು ತಾಂಡೇಲರೇ. ಕಲ್ಲು, ಮುಳುಗಿದ ಬೋಟು, ಬಲೆ ಹರಿಯುವ ಜಾಗ ಇಷ್ಟನ್ನು ಬೇರೆ ಫೈಲು ಮಾಡು, ಅದನ್ನು ಯಾರಿಗೆ ಬೇಕಾದರೂ ಕೊಡು ಅಂದರು. ಹೊಸ ಹುಡುಗ ಬಲೆ ಹರಿದುಕೊಳ್ಳುವುದು ಅವರಿಗೂ ಬೇಡ.

ಹೆಸರು ಬಿಡಿಸಿ ಬರೆದಿದ್ದರಿಂದ ಬೇರ್ಪಡಿಸುವುದು ಸುಲಭವಾಯಿತು. ಅಪಾಯದ ಫೈಲು ಮಾಲಕರ ಎರಡೂ ಬೋಟಿಗೆ ಹೋಯಿತು. ಮೀನಿನ ಫೈಲು ತಾಂಡೇಲರ ಹೊಸ ಫೋನಿಗೆ, ಮತ್ತೊಂದು ಪ್ರತಿ ಅವರ ಮನೆಯ ಪೆನ್‌ಡ್ರೈವಿಗೆ. ಅವರು ಬೋಟಿನ ಜಿಪಿಎಸ್‌ಗೆ ಮೀನಿನದ್ದು ಹಾಕಿಸಲಿಲ್ಲ. ಮೊದಲು ಕೇಳಿದ್ದು ಎರಡಕ್ಕೂ ಬೇಕು ಅಂತ. ಆ ಮಾತುಕತೆಯ ನಂತರ ಮನಸ್ಸು ಬದಲಾಯಿತು. ನನ್ನ ಕಂಪ್ಯೂಟರಿನಲ್ಲಿದ್ದ ಬ್ಯಾಕಪ್, ಡೇಟಾಬೇಸ್, ಎರಡೂ ಫೈಲುಗಳನ್ನು ಇಬ್ಬರ ಎದುರಿಗೇ ಅಳಿಸಿದೆ. ಉಬ್ಬಿದ ಬ್ಯಾಟರಿಯನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟಾಯಿತು. ಫೋನು ಮಾಲಕರ ಹತ್ತಿರ ಇದೆ.